ಮಕ್ಕಳ ಎಟಿವಿ: ಸ್ಟಿಕ್ಕರ್ ನಂಬಬೇಡಿ, ಎಂಜಿನ್ ಮೇಲಿನ ನಂಬರ್ ಓದಿ

ಮಗುವಿಗೆ ಮೊದಲ ಎಟಿವಿ (ಮಣ್ಣಿನ ಹಾದಿಯಲ್ಲಿ ಓಡಿಸೋ ನಾಲ್ಕು ಚಕ್ರದ ಮೋಟಾರ್ ಗಾಡಿ) ನೋಡೋಕೆ ಹೊರಟಿದ್ದರೆ ಜೇಬಲ್ಲಿ ಒಂದು ಹಳೇ ಬಟ್ಟೆ ಇಟ್ಟುಕೊಂಡು ಹೋಗಿ. ಎಂಜಿನ್ ಕೆಳಭಾಗದ ಗ್ರೀಸು, ಧೂಳು ಒರೆಸಿ. ಅಲ್ಲಿ ಕೊರೆದಿರೋ ನಂಬರ್ ಓದಿ. ಅಡ್ವಾನ್ಸ್ ಆಮೇಲೆ. ನಾವು ಅದನ್ನೇ ಮಾಡಲಿಲ್ಲ, 92,000 ರೂಪಾಯಿಗೆ ಟೋಪಿ ಹಾಕಿಸಿಕೊಂಡೆವು.

ಬೆಂಗಳೂರಿನ ಅಂಗಡಿಯವನು ಹೇಳಿದ್ದು: "6 ವರ್ಷದ ಮಕ್ಕಳಿಗೇ ಅಂತ ಬಂದಿರೋ 70 ಸಿಸಿ ಸಾರ್, ಇಂಪೋರ್ಟೆಡ್." ಪ್ಲಾಸ್ಟಿಕ್ ಮೇಲೆ 70 ಅಂತ ದಪ್ಪ ಸ್ಟಿಕ್ಕರ್ ಬೇರೆ. ಮೂರನೇ ದಿನ ಆಯಿಲ್ ಇಳಿಸೋಕೆ ಬಗ್ಗಿದಾಗ ಕಂಡಿದ್ದು 152ಎಫ್‌ಎಂಎಚ್. ಚೀನಾ ಎಂಜಿನ್ ಗೊತ್ತಿರೋರಿಗೆ ಅಷ್ಟೇ ಸಾಕು. ಮೊದಲ 1 ಅಂದ್ರೆ ಒಂದೇ ಸಿಲಿಂಡರ್, 52 ಅಂದ್ರೆ ಬೋರ್, ಅಂದ್ರೆ ಸಿಲಿಂಡರ್ ಒಳಗಿನ ಅಗಲ, 52 ಮಿ.ಮೀ., ಎಫ್ ಅಂದ್ರೆ ಗಾಳಿಯಲ್ಲಿ ತಣಿಯೋದು, ಕೊನೆಯ ಎಚ್ ಅಂದ್ರೆ 110 ಸಿಸಿ. ನಿಜವಾದ 70 ಆಗಿದ್ರೆ 147ಎಫ್‌ಎಂಡಿ ಅಂತ ಇರ್ತಿತ್ತು, 50 ಆಗಿದ್ರೆ 139ಎಫ್‌ಎಂಬಿ. ಹದಿನೈದು ವರ್ಷ ಬೈಕ್ ಎಂಜಿನ್ ಬಿಚ್ಚಿ ಕಟ್ಟಿದ ಕೈ ಸ್ಟಿಕ್ಕರ್ ನೋಡಿ ದುಡ್ಡು ಎಣಿಸಿತು. ನಾಚಿಕೆ.

ಅಂಗಡಿಯವನಿಗೆ ಆ ನಂಬರಿನ ಫೋಟೋ ಕಳಿಸಿದ್ದಕ್ಕೆ ಬಂದ ಉತ್ತರ: "ಸಾರ್ ಎಂಜಿನ್ ಹೊರಗಿನ ಕೇಸ್ ಮಾತ್ರ 110ದು, ಒಳಗೆ ಪಿಸ್ಟನ್ 70ದೇ." ಎಂಥಾ ಮಾತು! "ಹಾಗಾದ್ರೆ ಸಿಲಿಂಡರ್ ಮೇಲಿನ ಹೆಡ್ ಬಿಚ್ಚಿ ಅಳೀತೀನಿ" ಅಂದೆ. ಬೋರ್ 52 ಚಿಲ್ಲರೆ ಬಂತು. ಆಗ ರಾಗ ಬದಲಾಯಿತು: "ಮಗು ಬೆಳೆಯುತ್ತಲ್ವಾ ಸಾರ್, ದೊಡ್ಡದಿದ್ರೆ ನಿಮಗೇ ಲಾಭ." ಸ್ವಾಮಿ, ಇದೇನು ಸ್ಕೂಲ್ ಯೂನಿಫಾರಮ್ಮಾ, ಒಂದು ಸೈಜು ದೊಡ್ಡದು ಹೊಲಿಸೋಕೆ?

ಅಮೆರಿಕದ ಸ್ಟ್ಯಾಂಡರ್ಡ್ ಪ್ರಕಾರ 6 ವರ್ಷದವರ ಗಾಡಿ ಗಂಟೆಗೆ 24 ಕಿ.ಮೀ. ದಾಟಬಾರದು, ವೇಗ ತಡೆಯೋ ಲಿಮಿಟರ್ ಹಾಕಿದಾಗ 16. ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿಯಂತೂ 16 ವರ್ಷದ ಒಳಗಿನವರಿಗೆ ಎಟಿವಿನೇ ಬೇಡ ಅನ್ನುತ್ತೆ. ನಮಗೆ ಕೊಟ್ಟ ಗಾಡಿ ತೊಂಬತ್ತು ಕೆ.ಜಿ. ಮೇಲಿದೆ. ಇಪ್ಪತ್ತೊಂದು ಕೆ.ಜಿ. ಮಗುವಿನ ಮೇಲೆ ಮಗುಚಿದ್ರೆ ಎತ್ತೋರ್ಯಾರು?

"ಸ್ಪೀಡ್ ಗವರ್ನರ್ ಇದೆ ಸಾರ್" ಅಂದನಲ್ಲ, ಆ ಗವರ್ನರ್ ಅಂದ್ರೆ ಹೆಬ್ಬೆರಳಿನ ಆಕ್ಸಿಲರೇಟರ್ ಹಿಂದೆ ಇರೋ ಒಂದು ಸ್ಕ್ರೂ. ಒಳಗೆ ತಿರುಗಿಸಿದ್ರೆ ಲಿವರ್ ಪೂರ್ತಿ ಒತ್ತೋಕಾಗಲ್ಲ, ಅಷ್ಟೇ. ಅದು ಸಡಿಲವಾಗದಂತೆ ಹಿಡಿಯೋಕೆ ಒಂದು ಲಾಕ್ ನಟ್ ಇರಬೇಕು. ನಮ್ಮದರಲ್ಲಿ ಇರಲೇ ಇಲ್ಲ! ಅರ್ಧ ಗಂಟೆ ಅದುರಾಟಕ್ಕೆ ಸ್ಕ್ರೂ ತಾನಾಗೇ ಹೊರಗೆ ಬಂದಿತ್ತು.

ಇನ್ನೂ ಕೇಳಿ. ಹ್ಯಾಂಡಲ್ ತಿರುಗಿಸಿದಾಗ ಮುಂದಿನ ಚಕ್ರ ತಿರುಗಿಸೋ ಟೈ ರಾಡ್ ತುದಿಯಲ್ಲಿ ಕ್ಯಾಸಲ್ ನಟ್ (ತಲೆಯಲ್ಲಿ ಸೀಳಿರೋ ನಟ್) ಇದೆ, ಅದು ಬಿಚ್ಚದಂತೆ ಸೀಳಿನಲ್ಲಿ ತೂರಿಸೋ ಸ್ಪ್ಲಿಟ್ ಪಿನ್ ಇಲ್ಲ. ಎರಡೂ ಕಡೆ ಇಲ್ಲ. ನಟ್ ಬಿಚ್ಚಿಕೊಂಡ್ರೆ ಹ್ಯಾಂಡಲ್ ಒಂದು ಕಡೆ, ಚಕ್ರ ಇನ್ನೊಂದು ಕಡೆ. ಐದು ರೂಪಾಯಿ ಪಿನ್ನು. ಟೈರಿಗೆ 25 ಪಿಎಸ್‌ಐ ತುಂಬಿ ಕೊಟ್ಟಿದ್ದ. ಈ ಬಲೂನ್ ಟೈರಿಗೆ ಬೇಕಾಗಿದ್ದು 3ರಿಂದ 5. ಗಟ್ಟಿ ತುಂಬಿದ್ರೆ ಒಂದೊಂದು ಕಲ್ಲಿಗೂ ಚೆಂಡಿನ ಥರ ಪುಟಿಯುತ್ತೆ, ಹ್ಯಾಂಡಲ್ ಮಗುವಿನ ಕೈ ತಪ್ಪುತ್ತೆ. ಪೆಟ್ರೋಲ್ ಬಂಕಿನ ಗೇಜು ಅಷ್ಟು ಕಮ್ಮಿ ಗಾಳಿ ಸರಿಯಾಗಿ ತೋರಿಸಲ್ಲ, ಕಮ್ಮಿ ಪ್ರೆಶರ್ ಗೇಜು ಬೇರೆ ತಗೊಳ್ಳಿ. ಹಿಂದಿನ ಆಕ್ಸಲ್ ಒಂದೇ ರಾಡು, ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮೈ ಒಳಗಡೆಗೆ ವಾಲಿಸದಿದ್ರೆ ನೇರವಾಗೇ ನೂಕುತ್ತೆ. ಹಾಗೆ ವಾಲೋಕೆ ಮಗುವಿನ ಕಾಲು ಫುಟ್‌ರೆಸ್ಟ್ ಮುಟ್ಟಬೇಕಲ್ಲ!

ಮಗುವನ್ನ ಕರಕೊಂಡು ಹೋಗಿ, ಫುಟ್‌ರೆಸ್ಟ್ ಮೇಲೆ ನಿಲ್ಲಿಸಿ ನೋಡಿ. ಸೀಟಿಗೂ ತೊಡೆ ಸಂದಿಗೂ ನಡುವೆ 3ರಿಂದ 6 ಇಂಚು ಸಿಗಬೇಕು. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಮೊಣಕಾಲಿಗೆ ತಾಗಬಾರದು. ಹಿಡಿಯಿಂದ ಕೈ ತೆಗೆಯದೆ ಬೆರಳು ಚಾಚಿದ್ರೆ ಮಧ್ಯದ ಬೆರಳಿನ ಮೊದಲ ಗೆಣ್ಣು ಬ್ರೇಕ್ ಲಿವರ್ ದಾಟಬೇಕು. ಇದರಲ್ಲಿ ಒಂದು ತಪ್ಪಿದ್ರೂ ಎದ್ದು ಬನ್ನಿ, ಅವನು ಸಾವಿರ ಡಿಸ್ಕೌಂಟ್ ಕೊಡಲಿ.

"ಲೇಔಟ್ ರೋಡಲ್ಲಿ ಆರಾಮಾಗಿ ಓಡಿಸಿ ಸಾರ್" ಅಂತಲೂ ಅಂದಿದ್ದ. ಆರ್‌ಸಿ ಇಲ್ಲ, ಇನ್ಶೂರೆನ್ಸ್ ಇಲ್ಲ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಅಪ್ರಾಪ್ತರು ರಸ್ತೆಯಲ್ಲಿ ಗಾಡಿ ಓಡಿಸಿ ಅಪರಾಧವಾದ್ರೆ ಅಪ್ಪ ಅಮ್ಮನಿಗೆ 25,000 ದಂಡ, 3 ವರ್ಷದವರೆಗೆ ಜೈಲೂ ಇದೆ. ಜೈಲಿಗೆ ಅವನು ಬರ್ತಾನಾ?

ಗಾಡಿ ವಾಪಸ್ ತಗೋ ಅಂದಿದ್ದಕ್ಕೆ, "ಟೈರಿಗೆ ಮಣ್ಣು ಹತ್ತಿದೆ ಸಾರ್, ಸೆಕೆಂಡ್ ಹ್ಯಾಂಡ್ ಆಯ್ತು. 40 ಸಾವಿರ ಕೊಡ್ತೀನಿ." ಬಿಲ್ ತೆಗೆದು ನೋಡಿದ್ರೆ ಎಂಜಿನ್ ನಂಬರೂ ಇಲ್ಲ, ಸಿಸಿನೂ ಇಲ್ಲ. "ಟಾಯ್ ವೆಹಿಕಲ್, 1 ನಗ" ಅಂತ ಇದೆ. ನೀವು ತಗೊಳ್ಳೋದಾದ್ರೆ ಎರಡನ್ನೂ ಬಿಲ್ಲಲ್ಲಿ ಬರೆಸಿಕೊಳ್ಳಿ, ಅವನ ಕೈಲೇ.