ಹಸಿರು ಬಂದ ಕೂಡಲೇ ಕೀಲಿ ತಗೋಬೇಡಿ: ಹಳೆ ಅಂಬಾಸಿಡರ್, ಪದ್ಮಿನಿಗೆ ನಮ್ಮ ಕಡೆಯ ತ್ರೀಡಿ ಅಲೈನ್‌ಮೆಂಟ್

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಕಾರವಾರದಿಂದ ಭಟ್ಕಳದವರೆಗೆ ಹೆದ್ದಾರಿ 66ರ ಬದಿಯಲ್ಲಿ, ಘಟ್ಟದ ಮೇಲೆ ಶಿರಸಿ ಪೇಟೆಯಲ್ಲಿ ಟೈರ್ ಅಂಗಡಿಯವರು ಇಟ್ಟುಕೊಂಡಿರುವ ಕಂಪ್ಯೂಟರ್ ಅಲೈನ್‌ಮೆಂಟ್‌ಗೆ (ಕ್ಯಾಮೆರಾದಿಂದ ಚಕ್ರಗಳ ಕೋನ ಅಳೆದು ಸರಿಮಾಡುವ ಕೆಲಸ) ಅಳತೆಯ ಮಟ್ಟಿಗೆ ಐದಕ್ಕೆ ನಾಲ್ಕು. ಹಳೆ ಕಾರಿಗೆ ಸರಿಯಾದ ಸೆಟ್ಟಿಂಗ್ ಆರಿಸಿ ಕೊಡುವ ಮಟ್ಟಿಗೆ ಐದಕ್ಕೆ ಎರಡು. ಅಂಗಡಿಗಳ ಹೆಸರು ಹಾಕುತ್ತಿಲ್ಲ. ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಥರದ ಯಂತ್ರ, ಒಂದೇ ಥರದ ಕೆಲಸ, ಎಡವುವುದೂ ಒಂದೇ ಜಾಗದಲ್ಲಿ.

ಯಂತ್ರ ಏನು ಚೆನ್ನಾಗಿ ಮಾಡುತ್ತದೆ ಎಂಬುದನ್ನು ಮೊದಲು ನೋಡೋಣ. ನಾಲ್ಕೂ ಚಕ್ರಕ್ಕೆ ಫಲಕ ಕಟ್ಟಿ ಕಾರನ್ನು ಒಂದು ಗೇಣಿನಷ್ಟು ಹಿಂದಕ್ಕೆ ಮುಂದಕ್ಕೆ ಉರುಳಿಸುತ್ತಾರಲ್ಲ, ಅದು ಶಾಸ್ತ್ರಕ್ಕಲ್ಲ. ರಿಮ್ ಎಷ್ಟು ಡೊಂಕಿದೆ ಎಂದು ಕ್ಯಾಮೆರಾ ಲೆಕ್ಕ ಹಾಕಿ ಆ ಡೊಂಕನ್ನು ಅಳತೆಯಿಂದ ಕಳೆಯುವುದು ಆಗಲೇ. ದೇವಿಮನೆ ಘಟ್ಟದ ಹೊಂಡಗಳಿಗೆ ವರ್ಷಗಟ್ಟಲೆ ಬಿದ್ದೆದ್ದ ಅಂಬಾಸಿಡರ್ ರಿಮ್ಮಿಗೆ ಈ ಹೆಜ್ಜೆ ಬೇಕೇಬೇಕು. ಅವಸರದಲ್ಲಿ ಯಾರಾದರೂ ಇದನ್ನು ಬಿಟ್ಟರೆ ಮುಂದಿನ ಅಂಕಿಗಳೆಲ್ಲ ವ್ಯರ್ಥ. ಕ್ಲಾಂಪು ರಿಮ್ಮಿನ ಅಂಚನ್ನು ಬಿಗಿಯಾಗಿ ಹಿಡಿಯಬೇಕು, ಹಾಗಾಗಿ ವೀಲ್ ಕಪ್ ತೆಗೆದೇ ಹೋಗಿ. ಹಿಂದಿನ ಆಕ್ಸಲ್ ಓರೆಯಾಗಿದ್ದರೆ ಯಂತ್ರ ಅದನ್ನೂ ತೋರಿಸುತ್ತದೆ. ಅಂಬಾಸಿಡರ್, ಪದ್ಮಿನಿ ಎರಡಕ್ಕೂ ಹಿಂದೆ ಲೀಫ್ ಸ್ಪ್ರಿಂಗ್. ಅದರ ಸೆಂಟರ್ ಬೋಲ್ಟ್ ತುಂಡಾದರೆ ಅಥವಾ ಯು-ಬೋಲ್ಟ್ ಸಡಿಲವಾದರೆ ಆಕ್ಸಲ್ ಒಂದು ಬದಿಗೆ ಹಿಂದೆ ಸರಿಯುತ್ತದೆ. ಆಗ ಮುಂದಿನ ಚಕ್ರ ಎಷ್ಟು ಸೆಟ್ ಮಾಡಿದರೂ ಸ್ಟೇರಿಂಗ್ ಸೊಟ್ಟಗೇ ನಿಲ್ಲುತ್ತದೆ. ಕೈ ಗೇಜಿಗೆ ಸಿಗದ ಮಾಹಿತಿ ಇದು.

ಎಡವುವುದು ಮಾಡೆಲ್ ಆರಿಸುವ ಪರದೆಯಲ್ಲಿ. ಪಟ್ಟಿಯಲ್ಲಿ ನಿಮ್ಮ ಕಾರು ಸಿಗದಿದ್ದರೆ ಹುಡುಗ ಕೈಗೆ ಸಿಕ್ಕ ಯಾವುದೋ ಸಣ್ಣ ಕಾರನ್ನು ಒತ್ತಿಬಿಡುತ್ತಾನೆ. ಹೊಸ ಸಣ್ಣ ಕಾರುಗಳು ಮುಂದಿನ ಚಕ್ರದಿಂದ ಓಡುವಂಥವು. ಎಂಜಿನ್ ಎಳೆದಾಗ ಆ ಚಕ್ರಗಳು ಒಳಮುಖವಾಗಲು ನೋಡುತ್ತವೆ, ಆದ್ದರಿಂದ ಅವುಗಳಿಗೆ ಟೋ (ಎರಡು ಚಕ್ರಗಳ ಮುಂಭಾಗ ಎಷ್ಟು ಒಳಗೆ ಅಥವಾ ಹೊರಗೆ ತಿರುಗಿದೆ ಎಂಬ ಅಳತೆ) ಸೊನ್ನೆ ಅಥವಾ ತುಸು ಹೊರಗೆ ಕೊಟ್ಟಿರುತ್ತಾರೆ. ನಮ್ಮ ಹಳೆ ಕಾರುಗಳನ್ನು ದೂಡುವುದು ಹಿಂದಿನ ಚಕ್ರ. ಮುಂದಿನ ಚಕ್ರ ಬರೀ ಉರುಳುತ್ತದೆ, ರಸ್ತೆಯ ತಡೆ ಅದನ್ನು ಹಿಂದಕ್ಕೆ ಒತ್ತುತ್ತದೆ, ಟೈರಾಡ್ (ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳು), ಬುಶ್‌ಗಳಲ್ಲಿ ಇರುವಷ್ಟು ಸಡಿಲ ಹೊರಮುಖವಾಗಿ ತೆರೆದುಕೊಳ್ಳುತ್ತದೆ. ನಿಂತಾಗ ಸ್ವಲ್ಪ ಒಳಗೆ ಇಟ್ಟರೆ ಮಾತ್ರ ಓಡುವಾಗ ನೇರ. ಸೊನ್ನೆ ಇಟ್ಟ ಅಂಬಾಸಿಡರ್ ಅರವತ್ತು ದಾಟಿತೆಂದರೆ ರಸ್ತೆ ತುಂಬ ಅಲೆಯುತ್ತದೆ, ಪರದೆಯಲ್ಲಿ ಮಾತ್ರ ನಾಲ್ಕೂ ಮೂಲೆ ಹಸಿರು. ಆಯ್ಕೆ ಮಾಡಿದ ಕಾರಿನ ಮಿತಿಯೊಳಗೆ ಅಂಕಿ ಬಂತು ಎಂಬುದಷ್ಟೇ ಹಸಿರಿನ ಅರ್ಥ, ನಿಮ್ಮ ಕಾರಿಗೆ ಸರಿ ಎಂದಲ್ಲ. ಬಹುಪಾಲು ಯಂತ್ರಗಳಲ್ಲಿ ಅಂಕಿಯನ್ನು ಕೈಯಾರೆ ತುಂಬುವ ಅವಕಾಶ ಇರುತ್ತದೆ. ಅದನ್ನೇ ಕೇಳಿ. ಹೋಗುವಾಗ ಚೀಟಿಯಲ್ಲಿ ಅಂಕಿ ಬರೆದುಕೊಂಡೇ ಹೋಗಿ.

ಆ ಚೀಟಿಯಲ್ಲಿ ಏನಿರಬೇಕು? ಹಳೆ ಪುಸ್ತಕದ ಅಂಕಿಯನ್ನು ಹಾಗೇ ನಕಲು ಮಾಡಿದರೆ ಅದೂ ಅರ್ಧ ತಪ್ಪು. ಆ ಅಂಕಿಗಳು ಹಳೆ ಥರದ ನೈಲಾನ್ ಕ್ರಾಸ್‌ಪ್ಲೈ ಟೈರಿಗೆ ಬರೆದವು, ಅಂದರೆ ಅಂಬಾಸಿಡರ್‌ನ 5.90-15, ಪದ್ಮಿನಿಯ 5.20-14ರ ಕಾಲದವು. ಈಗಿನ ರೇಡಿಯಲ್ ಟೈರ್ ಹಾಕಿಕೊಂಡಿದ್ದರೆ ಲೆಕ್ಕ ಬೇರೆ. ರೇಡಿಯಲ್ ಸಲೀಸಾಗಿ ಉರುಳುತ್ತದೆ, ಚಕ್ರವನ್ನು ಹಿಂದಕ್ಕೆ ಒತ್ತುವ ಬಲ ಕಡಿಮೆ, ಟೋ ಕಡಿಮೆ ಸಾಕು. ಜಾಸ್ತಿ ಇಟ್ಟರೆ ಹೊರ ಅಂಚು ಬೇಗ ಸವೆಯುತ್ತದೆ. ಕ್ರಾಸ್‌ಪ್ಲೈ ಇದ್ದರೆ ಟೋ ಒಟ್ಟು 2ರಿಂದ 3 ಮಿಮೀ ಒಳಮುಖ, ರೇಡಿಯಲ್ ಇದ್ದು ಕೀಲುಗಳೆಲ್ಲ ಹೊಸದಿದ್ದರೆ 1ರಿಂದ 1.5 ಮಿಮೀ. ಇದು ಆರಂಭಕ್ಕೆ ಅಂದಾಜಿನ ಅಂಕಿ. ಎರಡು ಮುಂದೆ ಒಂದು ಥರ, ಎರಡು ಹಿಂದೆ ಇನ್ನೊಂದು ಥರ ಟೈರ್ ಇದ್ದರೆ ಅಲೈನ್‌ಮೆಂಟ್‌ಗೆ ದುಡ್ಡು ಹಾಕುವ ಮೊದಲು ಟೈರ್ ಸರಿಮಾಡಿಕೊಳ್ಳಿ.

ಇಲ್ಲೊಂದು ಜಾಗರೂಕತೆ. ಮಿಲಿಮೀಟರ್ ಎಂದರೆ ಎಲ್ಲಿ ಅಳೆದದ್ದು? 15 ಇಂಚಿನ ರಿಮ್ಮಿನ ಅಂಚಿನಲ್ಲಿ, ಅಂದರೆ ಸುಮಾರು 400 ಮಿಮೀ ವ್ಯಾಸದಲ್ಲಿ, 2 ಮಿಮೀ ಅಂದರೆ ಒಟ್ಟು 0.29 ಡಿಗ್ರಿ, ಸುಮಾರು 17 ಮಿನಿಟು (ಒಂದು ಡಿಗ್ರಿಗೆ 60 ಮಿನಿಟು). ಅದೇ 2 ಮಿಮೀಯನ್ನು ಟೈರಿನ ಮೈಮೇಲೆ 650 ಮಿಮೀ ವ್ಯಾಸದಲ್ಲಿ ಅಳೆದರೆ 11 ಮಿನಿಟೂ ಆಗುವುದಿಲ್ಲ. ಯಂತ್ರ ಡಿಗ್ರಿ–ಮಿನಿಟಿನಲ್ಲಿ ತೋರಿಸುವಾಗ, ನೀವು ಮಿಲಿಮೀಟರ್ ಹೇಳಿ ಹುಡುಗ ಅಂದಾಜಿಗೆ ಒತ್ತಿದರೆ ಅರ್ಧಕ್ಕರ್ಧ ವ್ಯತ್ಯಾಸ. ಚೀಟಿಯಲ್ಲಿ ಮಿನಿಟಿನಲ್ಲೇ, ಒಟ್ಟು ಎಷ್ಟು, ಒಂದೊಂದು ಚಕ್ರಕ್ಕೆ ಎಷ್ಟು ಎರಡನ್ನೂ ಬರೆಯಿರಿ: 'ಟೋ ಒಳಮುಖ, ಒಟ್ಟು 10 ಮಿನಿಟು, ಒಂದೊಂದು ಚಕ್ರಕ್ಕೆ 5'. ರೇಡಿಯಲ್ ಅಂಬಾಸಿಡರ್‌ಗೆ ಇದು ಹೆಚ್ಚುಕಡಿಮೆ 1.2 ಮಿಮೀ.

ಹೋಗುವ ಮೊದಲು ಮನೆಯಲ್ಲೇ ಮುಗಿಸಬೇಕಾದ ಕೆಲಸವನ್ನು ಯಾವ ಅಂಗಡಿಯೂ ಮಾಡಿಕೊಡುವುದಿಲ್ಲ. ಜಾಕ್ ಹಾಕಿ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ಮಾಯವಾದರೆ ವೀಲ್ ಬೇರಿಂಗ್ ಸಡಿಲ. ಆಗಲೂ ಉಳಿದರೆ ಚಕ್ರ ತಿರುಗುವ ಲಂಬ ಪಿನ್ನು, ಅಂದರೆ ಕಿಂಗ್‌ಪಿನ್ ಇಲ್ಲವೇ ಅದರ ಮೇಲೆ ಕೆಳಗಿನ ಕೀಲು ಸವೆದಿದೆ. ಆಮೇಲೆ ಎಡ ಬಲ ಹಿಡಿದು ಅಲ್ಲಾಡಿಸಿ. ಅಲ್ಲಿ ಸಿಗುವ ಆಟ ಟೈರಾಡ್ ಎಂಡ್, ಸ್ಟೇರಿಂಗಿನ ಹಲ್ಲು ಸರಳಾದ ರ‍್ಯಾಕ್ ಅಥವಾ ಪದ್ಮಿನಿಯಲ್ಲಾದರೆ ಐಡ್ಲರ್ ಬುಶ್ಶಿನದು. ಸವೆದ ಕೀಲಿನ ಮೇಲೆ ಟೋ ಸ್ವಲ್ಪ ಜಾಸ್ತಿ ಇಟ್ಟು ಸರಿದೂಗಿಸುತ್ತೇನೆ ಎನ್ನುವ ಮೇಸ್ತ್ರಿಗಳಿದ್ದಾರೆ. ಒಪ್ಪಬೇಡಿ. ಆ ಆಟ ಬ್ರೇಕ್ ಹಾಕಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ತೆರೆದುಕೊಳ್ಳುತ್ತದೆ, ಅದಕ್ಕೊಂದು ಸೆಟ್ಟಿಂಗ್ ಅಂತ ಇಲ್ಲ. ಗ್ರೀಸ್ ನಿಪ್ಪಲ್‌ಗಳಿಗೆಲ್ಲ ಚಕ್ರ ಎತ್ತಿಯೇ ಗ್ರೀಸ್ ಹೊಡೆಯಿರಿ. ಭಾರ ಇದ್ದಾಗ ಗ್ರೀಸ್ ಒತ್ತಡದ ಬದಿಗೆ ಹೋಗುವುದೇ ಇಲ್ಲ. ಸ್ಟ್ಯಾಂಡರ್ಡ್ ಹೆರಾಲ್ಡ್ ಇಟ್ಟುಕೊಂಡವರು ಕೆಳಗಿನ ಟ್ರನಿಯನ್ ಎಂಬ ಸ್ಕ್ರೂ ದಾರದ ಕೀಲಿಗೆ ಗ್ರೀಸ್ ಅಲ್ಲ, 90 ನಂಬರಿನ ಗೇರ್ ಆಯಿಲ್ ಹಾಕಬೇಕು. ಗ್ರೀಸ್ ಗಟ್ಟಿಯಾಗಿ ದಾರದೊಳಗೆ ಇಳಿಯದೆ ನೀರು ನಿಂತು, ತುಕ್ಕು ಹಿಡಿದು ಒಂದು ದಿನ ಮುರಿದೇ ಹೋಗುತ್ತದೆ.

ಕರಾವಳಿಯದ್ದೇ ಒಂದು ತೊಂದರೆ ಉಪ್ಪು ಗಾಳಿ. ಟೈರಾಡಿನ ಸ್ಕ್ರೂ ದಾರ, ಅದು ತಿರುಗದಂತೆ ಹಿಡಿಯುವ ಚೆಕ್‌ನಟ್ಟು ಒಂದಕ್ಕೊಂದು ಬೆಸೆದುಕೊಂಡಂತೆ ಕೂತಿರುತ್ತವೆ. ಬೇ (ಅಂಗಡಿಯ ಅಲೈನ್‌ಮೆಂಟ್ ಕಟ್ಟೆ) ಮೇಲೆ ಹತ್ತಿಸಿದ ಮೇಲೆ ನಟ್ಟು ಸಡಿಲವಾಗದಿದ್ದರೆ ಗ್ಯಾಸ್ ಹಚ್ಚಿ ಕಾಯಿಸುವುದು ರೂಢಿ. ಆ ಬಿಸಿಗೆ ಪಕ್ಕದ ರಬ್ಬರ್ ಬೂಟು, ಬಾಲ್ ಜಾಯಿಂಟಿನ ಒಳಗಿನ ಗ್ರೀಸು ಎರಡೂ ಹೋಗುತ್ತವೆ. ಬದಲಿಗೆ ಹಿಂದಿನ ಎರಡು ದಿನ ತಂತಿ ಬ್ರಷ್‌ನಲ್ಲಿ ದಾರ ಉಜ್ಜಿ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ, ಮನೆಯಲ್ಲೇ ಒಮ್ಮೆ ನಟ್ಟು ಸಡಿಲಿಸಿ ಮತ್ತೆ ಕೂರಿಸಿ. ಬೇಯಲ್ಲಿ ಕೆಲಸ ಹದಿನೈದು ನಿಮಿಷಕ್ಕೆ ಇಳಿಯುತ್ತದೆ.

ಬೇಯಲ್ಲಿ ನಿಂತು ನೋಡಬೇಕಾದ ಒಂದೇ ಒಂದು ವಿಷಯ ಹೇಳು ಎಂದರೆ ಸ್ಟೇರಿಂಗಿನ ನಡು. ಪೂರ್ತಿ ಎಡಕ್ಕೆ ತಿರುಗಿಸಿ, ಅಲ್ಲಿಂದ ಪೂರ್ತಿ ಬಲಕ್ಕೆ ಎಷ್ಟು ಸುತ್ತು ಬರುತ್ತದೆ ಎಣಿಸಿ, ಅರ್ಧಕ್ಕೆ ತಂದು ಟೇಪ್ ಅಂಟಿಸಿ. ಅದೇ ನಿಜವಾದ ನಡು. ಅಲ್ಲೇ ಕ್ಲಾಂಪಿನಿಂದ ಹಿಡಿದು ಎರಡೂ ಬದಿಯ ಟೈರಾಡ್ ಸಮನಾಗಿ ತಿರುಗಿಸಿ ಟೋ ತರಬೇಕು. ಒಂದೇ ಬದಿ ತಿರುಗಿಸಿ ಒಟ್ಟು ಟೋ ಹಸಿರು ಮಾಡಿ, ಸೊಟ್ಟಗಾದ ಸ್ಟೇರಿಂಗ್ ಚಕ್ರವನ್ನು ಕಿತ್ತು ನೇರ ಕೂರಿಸುವುದು ಸೋಮಾರಿ ದಾರಿ. ಪದ್ಮಿನಿಯಲ್ಲಿ ಇದರ ಬೆಲೆ ದೊಡ್ಡದು: ಅಂಥ ಸ್ಟೇರಿಂಗ್ ಬಾಕ್ಸುಗಳನ್ನು ನಡುವಿನಲ್ಲಿ ಅತಿ ಬಿಗಿ, ಆಚೀಚೆ ತುಸು ಸಡಿಲ ಇರುವಂತೆ ಮಾಡಿರುತ್ತಾರೆ. ನಡು ತಪ್ಪಿದ ಬಾಕ್ಸು ನೇರ ರಸ್ತೆಯಲ್ಲಿ ಸಡಿಲ ಜಾಗದಲ್ಲೇ ಓಡುತ್ತದೆ. ಆಮೇಲೆ ಬಾಕ್ಸಿನ ಸ್ಕ್ರೂ ಬಿಗಿ ಮಾಡುತ್ತಾರೆ, ನಡುವಿನಲ್ಲಿ ಕಚ್ಚಿಕೊಳ್ಳುತ್ತದೆ, ಅಲ್ಲಿಗೆ ಬಾಕ್ಸು ಮುಗಿಯಿತು. ಅಂಬಾಸಿಡರ್‌ದು ರ‍್ಯಾಕ್. ಅದರಲ್ಲಿ ನಡು ತಪ್ಪಿದರೆ ಹೊಂಡಕ್ಕೆ ಬಿದ್ದಾಗ ಎಡಚಕ್ರ ಒಂದು ಥರ, ಬಲಚಕ್ರ ಇನ್ನೊಂದು ಥರ ತಿರುಗಿ ಕಾರು ಜಿಗಿಯುತ್ತದೆ.

ಟೈರಾಡ್ ಎಷ್ಟು ತಿರುಗಿಸಿದರೆ ಟೋ ಎಷ್ಟು ಬದಲಾಗುತ್ತದೆ? ಒಂದು ಸುತ್ತಿಗೆ ಒಂದೂವರೆ ಮಿಮೀ ಸರಿಯುವ ದಾರ, ಆರಿಂಚಿನ ಸ್ಟೇರಿಂಗ್ ಆರ್ಮ್ ಎಂದುಕೊಂಡರೆ ಒಂದು ಪೂರ್ತಿ ಸುತ್ತು ರಿಮ್ಮಿನಲ್ಲಿ ಸುಮಾರು 4 ಮಿಮೀ. ಕಾಲು ಸುತ್ತಿಗೆ ಒಂದು ಮಿಲಿ. ಚೆಕ್‌ನಟ್ಟು ಬಿಗಿ ಮಾಡುವಾಗಲೇ ಅಷ್ಟು ತಿರುಗಿಬಿಡಬಹುದು. ಆದ್ದರಿಂದ ನಟ್ಟು ಬಿಗಿಯಾದ ಮೇಲೆ ಬಂದ ಅಂಕಿಯ ಪ್ರಿಂಟ್ ತೆಗೆಸಿ, ಮೊದಲಿನದಲ್ಲ.

ಭಾರದ ಮಾತು. ಅಂಬಾಸಿಡರ್ ಮುಂದೆ ನಿಂತಿರುವುದು ಟಾರ್ಶನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಮೇಲೆ. ವರ್ಷಗಳಾದಂತೆ ಒಂದು ಬದಿ ಜಗ್ಗುತ್ತದೆ, ಜಗ್ಗಿದ ಬದಿಯ ಕ್ಯಾಂಬರ್ (ಚಕ್ರದ ತಲೆ ಒಳಗೆ ಅಥವಾ ಹೊರಗೆ ವಾಲಿರುವ ಕೋನ), ಟೋ ಎರಡೂ ಬದಲಾಗುತ್ತವೆ. ಎರಡು ಬದಿಯ ಎತ್ತರ ಸಮ ಮಾಡದೆ ಅಲೈನ್‌ಮೆಂಟ್‌ಗೆ ಹೋಗುವುದು ದಂಡ. ಬೇ ಮೇಲೆ ಇಟ್ಟ ಮೇಲೆ ಬಂಪರನ್ನು ಮೂರ್ನಾಲ್ಕು ಸಲ ಒತ್ತಿ ಬಿಡಿ, ಸೀಟಿನಲ್ಲಿ ನಿತ್ಯ ಓಡಾಡುವಷ್ಟು ಭಾರ ಇರಲಿ. ಇಬ್ಬರು ಕೂರಬಹುದು, ಇಲ್ಲವೇ ಐವತ್ತು ಕಿಲೋದ ಅಕ್ಕಿ ಚೀಲ ಎರಡು. ಪುಸ್ತಕದ ಅಂಕಿ ಖಾಲಿ ಕಾರಿಗೋ ತುಂಬಿದ ಕಾರಿಗೋ ಎಂಬುದನ್ನೂ ನೋಡಿಕೊಳ್ಳಿ. ಒಂದರದ್ದು ಇನ್ನೊಂದಕ್ಕೆ ಹೊಂದುವುದಿಲ್ಲ.

ಕ್ಯಾಂಬರ್, ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಬಗ್ಗೆ ಅಂಬಾಸಿಡರ್‌ನವರು ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ, ಅದರಲ್ಲಿ ಕೈಗೆ ಸಿಗುವುದು ಟೋ ಒಂದೇ. ಎಡ ಬಲ ಕ್ಯಾಂಬರ್ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಸವೆದದ್ದೋ ಬಾಗಿದ್ದೋ ಏನೋ ಇದೆ ಎಂದೇ ಅರ್ಥ. ಆಯ್ಕೆ ನಿಜವಾಗಿ ಇರುವುದು ಪ್ರೀಮಿಯರ್ 118 ಎನ್‌ಇ ಥರದ, ಕೆಳಗಿನ ಆರ್ಮ್ ಹಿಂದೆ ಶಿಮ್ (ಸಂದಿಗೆ ತುಂಬುವ ತೆಳು ತಗಡು) ಇರುವ ಕಾರುಗಳಿಗೆ. ಎರಡೂ ಬೋಲ್ಟಿನಿಂದ ಸಮನಾಗಿ ಶಿಮ್ ತೆಗೆದರೆ ಚಕ್ರದ ಬುಡ ಒಳಗೆ ಬಂದು ಕ್ಯಾಂಬರ್ ಪಾಸಿಟಿವ್ ಕಡೆಗೆ, ಸೇರಿಸಿದರೆ ನೆಗೆಟಿವ್ ಕಡೆಗೆ. ಮುಂದಿನ ಬೋಲ್ಟಿನ ಶಿಮ್ ತೆಗೆದು ಹಿಂದಿನ ಬೋಲ್ಟಿಗೆ ಹಾಕಿದರೆ ಕೆಳಗಿನ ಕೀಲು ಮುಂದೆ ಸರಿದು ಕ್ಯಾಸ್ಟರ್ ಹೆಚ್ಚುತ್ತದೆ. ರೇಡಿಯಲ್‌ಗೆ ಕ್ಯಾಂಬರನ್ನು ಸೊನ್ನೆಯ ಹತ್ತಿರ ತನ್ನಿ. ಕ್ಯಾಸ್ಟರ್ ಹೆಚ್ಚಿದಷ್ಟೂ ನೇರ ಓಟ ಗಟ್ಟಿ, ಆದರೆ ಪವರ್ ಸ್ಟೇರಿಂಗ್ ಇಲ್ಲದ ಕಾರನ್ನು ಶಿರಸಿಯ ಸಂತೆ ದಿನ ಹಿಂದೆ ಮುಂದೆ ಮಾಡಿ ನಿಲ್ಲಿಸುವಾಗ ತೋಳು ಬೀಳುತ್ತದೆ. ಮಳೆನೀರು ಹರಿದುಹೋಗಲೆಂದು ನಮ್ಮ ರಸ್ತೆಗಳು ಎಡಕ್ಕೆ ಇಳಿಜಾರು, ಕಾರು ಎಡಕ್ಕೆ ವಾಲುತ್ತದೆ. ಕ್ಯಾಸ್ಟರ್ ಕಡಿಮೆ ಇರುವ ಬದಿಗೆ ಕಾರು ಎಳೆಯುವುದರಿಂದ, ಎಡಚಕ್ರಕ್ಕೆ ಬಲಕ್ಕಿಂತ ಕಾಲು ಡಿಗ್ರಿ ಜಾಸ್ತಿ ಕೊಟ್ಟರೆ ವಾಲುವುದು ಬಹುಮಟ್ಟಿಗೆ ಸರಿಹೋಗುತ್ತದೆ. ಶಿಮ್ ಬದಲಿಸಿದ ಮೇಲೆ ಟೋ ಮತ್ತೆ ಹಾಕಲೇಬೇಕು. ಶಿಮ್ ಕೆಲಸಕ್ಕೆ ಬೇಯವರು ಸಾಮಾನ್ಯವಾಗಿ ಕೈ ಹಾಕುವುದಿಲ್ಲ, ಅಂಕ ಕಳೆದದ್ದು ಅದಕ್ಕೂ ಹೌದು.

ಯಂತ್ರ ಇಲ್ಲದೆಯೂ ಟೋ ಸರಿಯಾಗಿ ಬರುತ್ತದೆ. ಚಕ್ರ ಎತ್ತಿ ಟೈರಿನ ನಡುವಿಗೆ ಸೀಮೆಸುಣ್ಣ ಬಳಿದು, ಮೊಳೆಯೊಂದನ್ನು ಅಲ್ಲಾಡದಂತೆ ಹಿಡಿದು ಚಕ್ರ ತಿರುಗಿಸಿ ಗೆರೆ ಎಳೆಯಿರಿ. ರಿಮ್ ಡೊಂಕಿದ್ದರೂ ಈ ಗೆರೆ ನೇರ. ಎರಡು ಸತುವಿನ ತಗಡಿನ ನಡುವೆ ಗ್ರೀಸ್ ಸವರಿ ಚಕ್ರದಡಿ ಇಟ್ಟು ಇಳಿಸಿ, ಇಲ್ಲದಿದ್ದರೆ ಟೈರು ನೆಲ ಕಚ್ಚಿ ಅಳತೆ ಸುಳ್ಳಾಗುತ್ತದೆ. ಹಬ್ಬಿನ ಎತ್ತರದಲ್ಲಿ ಮುಂದೆ ಒಂದು ಸಲ, ಹಿಂದೆ ಒಂದು ಸಲ ಗೆರೆಯಿಂದ ಗೆರೆಗೆ ಅಳೆಯಿರಿ. ಹಿಂದಿನದರಲ್ಲಿ ಮುಂದಿನದನ್ನು ಕಳೆದರೆ ಒಟ್ಟು ಟೋ. ನೆನಪಿರಲಿ, ಇದು ಟೈರಿನ ಮೈಮೇಲಿನ ಅಳತೆ: ರಿಮ್ಮಿನ 1.2 ಮಿಮೀ ಇಲ್ಲಿ ಸುಮಾರು 2 ಮಿಮೀ. ತಪ್ಪು ಅರ್ಧ ಮಿಮೀ ದಾಟದ ವಿಧಾನ ಇದು, ಟೋ ಮಟ್ಟಿಗೆ ಅಂಗಡಿಯ ಬೇಗೆ ಸಮ. ಕ್ಯಾಂಬರ್ ಅಳೆಯುವುದಿದ್ದರೆ ಮಾತ್ರ ನೆಲ ಮಟ್ಟ ಇರಬೇಕು. ಎರಡು ಚಕ್ರದ ನಡುವೆ 5 ಮಿಮೀ ಏರುಪೇರಿದ್ದರೂ 0.2 ಡಿಗ್ರಿ ತಪ್ಪು. ಕಲ್ಲು ಹಾಸಿದ ಅಂಗಳ ಕಣ್ಣಿಗೆ ಮಟ್ಟವಾಗಿ ಕಂಡರೂ ಗೌಂಡಿಯ ನೀರಿನ ಪೈಪು ಇಟ್ಟು ನೋಡಿ.

ಕ್ಯಾಸ್ಟರ್ ಅಳತೆಗೆ ಚಕ್ರವನ್ನು 20 ಡಿಗ್ರಿ ಒಳಕ್ಕೆ, 20 ಡಿಗ್ರಿ ಹೊರಕ್ಕೆ ತಿರುಗಿಸಿ ಎರಡೂ ಕಡೆ ಕ್ಯಾಂಬರ್ ಓದಿ, ವ್ಯತ್ಯಾಸವನ್ನು ಒಂದೂವರೆಯಿಂದ ಗುಣಿಸಿದರೆ ಸಾಕು. 2 ಡಿಗ್ರಿ ವ್ಯತ್ಯಾಸ ಎಂದರೆ ಕ್ಯಾಸ್ಟರ್ 3ರ ಹತ್ತಿರ.

ಬೇಯಿಂದ ಇಳಿದ ಮೇಲೆ ಇಳಿಜಾರಿಲ್ಲದ ನೇರ ರಸ್ತೆಯಲ್ಲಿ ಓಡಿಸಿ. ಆಗಲೂ ಒಂದೇ ಬದಿಗೆ ಎಳೆದರೆ ವಾಪಸು ಹೋಗಿ ಜಗಳ ಮಾಡುವ ಮೊದಲು ಮುಂದಿನ ಎರಡು ಚಕ್ರ ಅದಲುಬದಲು ಮಾಡಿ. ಎಳೆತ ಬದಿ ಬದಲಿಸಿದರೆ ದೋಷ ಟೈರಿನದು. ಐನೂರು ಕಿಲೋಮೀಟರ್ ಆದ ಮೇಲೆ ಟೈರಿನ ಮೈಮೇಲೆ ಅಂಗೈ ಆಡಿಸಿ. ಒಳಗಿನಿಂದ ಹೊರಗೆ ಸರಿಸುವಾಗ ಗರಗಸದಂತೆ ಚುಚ್ಚಿ, ಹೊರಗಿನಿಂದ ಒಳಗೆ ನುಣುಪಾಗಿದ್ದರೆ ಟೋ ಇನ್ನೂ ಜಾಸ್ತಿ ಒಳಗಿದೆ, ಎರಡೂ ಬದಿ ಅರ್ಧರ್ಧ ಮಿಲಿ ಬಿಡಿ. ಉಲ್ಟಾ ಚುಚ್ಚಿದರೆ ಅಷ್ಟೇ ಒಳಗೆ ತನ್ನಿ.