ಗದಗಿನಲ್ಲಿ ಅತ್ತಿಮಬ್ಬೆ: ಏಕವ್ಯಕ್ತಿ ಪ್ರಯೋಗ, ಜೊತೆಗೆ ಚಹಾ

ಹತ್ತನೆಯ ಶತಮಾನದ ಜೈನ ಮಹಿಳೆ, ದಾನಚಿಂತಾಮಣಿಯೆಂದು ಹೆಸರಾದ ಅತ್ತಿಮಬ್ಬೆಯ ವೇಷದಲ್ಲಿ ಕಲಾವಿದೆಯೊಬ್ಬರು ಆಕೆಯ ಬಾಳನ್ನು ಆಕೆಯ ಮಾತಿನಲ್ಲಿಯೇ ನಿರೂಪಿಸುವ ಪ್ರಯೋಗವೊಂದನ್ನು ಕಳೆದ ರವಿವಾರ ಇಳಿಹೊತ್ತಿನಲ್ಲಿ ಗದಗಿನಲ್ಲಿ ನೋಡಿದೆ. 150 ರೂಪಾಯಿಯ ಟಿಕೇಟಿನಲ್ಲಿ ಒಂದು ಗಂಟೆಯ ಪ್ರಯೋಗ, ಪ್ರಶ್ನೋತ್ತರ, ಚಹಾ-ಫಳಾರ ಎಲ್ಲವೂ ಸೇರಿದ್ದವು.

ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಬರೆಸಿ ಹಂಚಿದಳೆಂದು ನಾವೆಲ್ಲ ಶಾಲೆಯಲ್ಲಿಯೇ ಓದಿದವರು. ಆದರೆ ಕಲಾವಿದೆ ತೊಡೆಯ ಮೇಲೆ ಓಲೆಗರಿಯನ್ನಿಟ್ಟುಕೊಂಡು, ಕಬ್ಬಿಣದ ಕಂಟದಿಂದ ಒಂದೊಂದೇ ಅಕ್ಷರವನ್ನು ಕೊರೆದು, ಕಣ್ಣಿಗೆ ಕಾಣದಂತಿದ್ದ ಆ ಗೀರುಗಳ ಮೇಲೆ ದೀಪದ ಮಸಿ ಸವರಿ ಬಟ್ಟೆಯಿಂದ ಒರೆಸಿದಾಗ ಒಂದೇ ಒಂದು ಸಾಲು ಕಪ್ಪಗೆ ಮೂಡಿತಲ್ಲ, ಸಾವಿರ ಪ್ರತಿ ಎಂದರೆ ಎಷ್ಟು ಕೈಗಳ ಎಷ್ಟು ದಿನಗಳ ದುಡಿಮೆ ಎಂಬುದು ನನಗೆ ಅರ್ಥವಾದದ್ದು ಆಗ. ‘ಸಾವಿರವೇ ಏಕೆ?’ ಎಂದು ಬಾಲಕಿಯೊಬ್ಬಳು ಕೇಳಿದಳು. ಅವರು ಪಾತ್ರದಿಂದ ಕದಲದೆ, ‘ಗರಿಗೆ ಗೆದ್ದಲು ಹಿಡಿಯುತ್ತದೆ, ಬೆಂಕಿ ತಗಲುತ್ತದೆ, ಎಲ್ಲಿಯೋ ಒಂದಾದರೂ ಉಳಿಯಲಿ, ಮಗಳೇ’ ಎಂದರು. ಆ ಪುರಾಣವನ್ನು ಪೊನ್ನನಿಂದ ಬರೆಯಿಸಿದವರಲ್ಲಿ ಅತ್ತಿಮಬ್ಬೆಯ ತಂದೆ ಮಲ್ಲಪಯ್ಯನೂ ಒಬ್ಬನೆಂಬುದನ್ನು ಇಲ್ಲಿಯೇ ಹೇಳಬೇಕಿತ್ತು. ತವರಿನ ಗ್ರಂಥವನ್ನು ಮಗಳು ಉಳಿಸಿದ ಕಥೆ ಅದು.

ಪತಿ ನಾಗದೇವ ಮಡಿದಾಗ, ಅವನನ್ನೇ ವರಿಸಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದ್ದು, ಮಗ ಅಣ್ಣಿಗದೇವನಿಗಾಗಿ ಅಕ್ಕ ಉಳಿದದ್ದು: ಈ ಪ್ರಸಂಗದಲ್ಲಿ ಸಂಗೀತವನ್ನೂ ನಿಲ್ಲಿಸಿ, ಎರಡು ಬಳೆಗಳನ್ನು ಕೆಳಗಿಟ್ಟು ಸುಮ್ಮನೆ ಕುಳಿತ ಕಲಾವಿದೆಯ ಸಂಯಮಕ್ಕೆ ನನ್ನ ನಮಸ್ಕಾರ. ಅದೇ ಸಂಯಮ, ತುಂಬಿ ಹರಿಯುವ ಗೋದಾವರಿಯನ್ನು ಆಕೆ ತಡೆದಳೆಂಬ ಪವಾಡದಲ್ಲಿ ಇರಲಿಲ್ಲ. ಗುಡುಗಿನ ಧ್ವನಿಮುದ್ರಣದೊಂದಿಗೆ ಅದು ಹತ್ತು ನಿಮಿಷ ಬೆಳೆದು, 993ರಲ್ಲಿ ಆಕೆಯ ಆಶ್ರಯದಲ್ಲಿ ಅಜಿತಪುರಾಣ ಬರೆದ, ತನ್ನ ಮಗಳಿಗೆ ಅತ್ತಿಮಬ್ಬೆಯೆಂದೇ ಹೆಸರಿಟ್ಟ ರನ್ನನಿಗೆ ಎರಡು ನಿಮಿಷವೂ ಉಳಿಯಲಿಲ್ಲ. ವೇಷವೂ ಬದಲಾಗಬೇಕು. ವ್ರತನಿಷ್ಠೆಯಿಂದ ಬಾಳಿದ ಶ್ರಾವಕಿಗೆ, ಅಂದರೆ ಜೈನ ಗೃಹಸ್ಥೆಗೆ, ಮಖಮಲ್ಲಿನ ಕುಪ್ಪಸ, ಹೊಳೆಯುವ ಕಿರೀಟ ಒಪ್ಪುವುದಿಲ್ಲ.

ಚಹಾದ ವ್ಯವಸ್ಥೆಯಲ್ಲಿ ಮಾತ್ರ ಬಹಳ ವಿವೇಕವಿತ್ತು. ಜೈನರ ನಿಯಮದಂತೆ ಹೊತ್ತು ಮುಳುಗುವ ಮೊದಲೇ ಎಲ್ಲವನ್ನೂ ಮುಗಿಸಿದರು. ಗಿರಮಿಟ್ಟಿಗೆ ಉಳ್ಳಾಗಡ್ಡಿ ಹಾಕಿರಲಿಲ್ಲ, ಆದರೂ ಹುಣಸೆಹುಳಿ, ಪುಠಾಣಿ, ಕೊತ್ತಂಬರಿಯಿಂದ ರುಚಿ ಕಟ್ಟಿತ್ತು. ಮಿರ್ಚಿ ಭಜಿ ಬಿಸಿಯಾಗಿತ್ತು, ಚಹಾ ತುಸು ಸಿಹಿ ಹೆಚ್ಚು. ಪಕ್ಕದ ಮೇಜಿನ ಮೇಲೆ ಗರಿ ಮತ್ತು ಕಂಟಗಳನ್ನಿಟ್ಟು, ಬೇಕಾದವರು ತಮ್ಮ ಹೆಸರು ಕೊರೆದು ಒಯ್ಯಬಹುದೆಂದರು. ಮಕ್ಕಳಿಗಿಂತ ಹಿರಿಯರ ಸಾಲೇ ಅಲ್ಲಿ ಉದ್ದವಾಗಿತ್ತು.

ಮುಂದಿನ ಪ್ರಯೋಗಕ್ಕೆ ಹೋಗುವವರು ಮುಂಜಾನೆಯೇ ಲಕ್ಕುಂಡಿಗೆ ಹೋಗಿ ಆಕೆ ಕಟ್ಟಿಸಿದ ಬ್ರಹ್ಮ ಜಿನಾಲಯವನ್ನು ನೋಡಿಕೊಂಡು ಬರಲಿ. ಆಕೆಯ ದಾನಗಳನ್ನು ಹೇಳುವ 1007ರ ಶಾಸನ ಆ ಊರಿನದೇ. ಗರಿಯ ಮೇಲಿನ ಅಕ್ಷರ ಹಿಂದಿನ ಸಾಲುಗಳಿಗೆ ಕಾಣದಾದ್ದರಿಂದ, ಸಭಾಂಗಣದಲ್ಲಿ ಮೊದಲ ಮೂರು ಸಾಲುಗಳಲ್ಲಿಯೇ ಜಾಗ ಹಿಡಿಯಬೇಕು.