ಅಂಜುನಾ ಸಂತೆಯ ಕೆಲ್ಟಿಕ್ ಬೆಳ್ಳಿ: ಕೆಲಸ ಚೆನ್ನ, ಚೀಟಿ ತಪ್ಪು

ಮಳೆಗಾಲ ಮುಗಿದ ಮೇಲೆ ಗೋವಾದ ಅಂಜುನಾದಲ್ಲಿ ಬುಧವಾರದ ಸಂತೆ ಶುರುವಾಗುತ್ತದೆ. ಅಲ್ಲಿನ ಬೆಳ್ಳಿ ಅಂಗಡಿಗಳಲ್ಲಿ ಓಂ, ಬುದ್ಧನ ಪದಕಗಳ ಪಕ್ಕದಲ್ಲೇ ಕೆಲ್ಟಿಕ್ ಗಂಟಿನ, ಅಂದರೆ ಐರ್ಲೆಂಡ್, ಬ್ರಿಟನ್ ಕಡೆಯ ಹೆಣೆದ ಎಳೆಯ ನಕ್ಷೆಯ ಪದಕ, ಉಂಗುರ, ಕಡಗಗಳೂ ಸಿಗುತ್ತವೆ. ಬೆಳಗಾವಿ, ಹುಬ್ಬಳ್ಳಿ, ಕಾರವಾರದ ಕಡೆಯಿಂದ ಹೋಗುವವರಿಗೆ ಮೊದಲೇ ಹೇಳಿಬಿಡುತ್ತೇವೆ: ಪದಕ ಧಾರಾಳವಾಗಿ ಕೊಳ್ಳಿ, ಕಡಗ ನೋಡಿ ಕೊಳ್ಳಿ, ಬಟ್ಟೆಗೆ ಚುಚ್ಚುವ ಪಿನ್ನಿನ ಒಡವೆಯಾದ ಬ್ರೂಚ್ ಸದ್ಯಕ್ಕೆ ಬೇಡ.

ಗಂಟಿನ ಪದಕದಲ್ಲಿ ನೋಡಬೇಕಾದ್ದು ಎಳೆ. ಟೂತ್‌ಪಿಕ್‌ನ ತುದಿಯನ್ನು ಎಳೆಯ ಮೇಲಿಟ್ಟು ಅದರ ದಾರಿಯಲ್ಲೇ ಸಾಗಿ. ಒಂದು ದಾಟಿನಲ್ಲಿ ಮೇಲೆ ಹೋದ ಎಳೆ ಮುಂದಿನದರಲ್ಲಿ ಕೆಳಗೆ ಹೋಗಬೇಕು, ಎಲ್ಲೂ ತುಂಡಾಗದೆ ಹೊರಟಲ್ಲಿಗೇ ಬಂದು ಸೇರಬೇಕು. ಸತತ ಎರಡು ಕಡೆ ಮೇಲೇ ಹಾದಿದ್ದರೆ ನಕ್ಷೆಯೇ ತಪ್ಪು. ಎಳೆ ರಂಗೋಲಿಯಲ್ಲಿ ಪಳಗಿದ ಕಣ್ಣಿಗೆ ಈ ದೋಷ ತಟ್ಟನೆ ಸಿಗುತ್ತದೆ. ಇನ್ನೊಂದು ದೋಷ ಎರಕದ್ದು. ಒಂದು ಪದಕದಿಂದ ರಬ್ಬರ್ ಅಚ್ಚು ತೆಗೆದು, ಅದರಲ್ಲಿ ಮೇಣ ತುಂಬಿ, ಆ ಮೇಣದ ಜಾಗಕ್ಕೆ ಬೆಳ್ಳಿ ಹೊಯ್ಯುತ್ತಾರೆ. ನಕಲಿನಿಂದ ಮತ್ತೆ ನಕಲು ತೆಗೆಯುತ್ತ ಹೋದಂತೆ ಪದಕ ಚೂರು ಚೂರೇ ಕುಗ್ಗುತ್ತದೆ, ಎಳೆಗಳು ದಾಟುವ ಕಡೆಯ ಸಂದು ಮುಚ್ಚಿಕೊಳ್ಳುತ್ತದೆ. ಅದನ್ನು ಮರೆಸಲು ಕಪ್ಪು ಹಚ್ಚಿರುತ್ತಾರೆ. ಹತ್ತು ಪಟ್ಟು ದೊಡ್ಡದು ಮಾಡುವ ಪುಟ್ಟ ಭೂತಗನ್ನಡಿಯಲ್ಲಿ ನೋಡಿದರೆ ಆಳ ಇದೆಯೋ ಬರೀ ಬಣ್ಣವೋ ಗೊತ್ತಾಗುತ್ತದೆ. ಕಪ್ಪು ಹಚ್ಚಿದ ಬೆಳ್ಳಿಯನ್ನು ದ್ರಾವಣದಲ್ಲಿ ಅದ್ದಿ ತೊಳೆಯಬೇಡಿ, ಸಂದಿನ ಕಪ್ಪೂ ಹೋಗಿ ಹೆಣಿಗೆಯೇ ಕಾಣದಂತಾಗುತ್ತದೆ. ಮೆತ್ತನೆ ಬಟ್ಟೆಯಲ್ಲಿ ಉಬ್ಬಿದ ಭಾಗ ಮಾತ್ರ ಒರೆಸಿ.

ಇನ್ನು ಚೀಟಿಯ ವಿಷಯ. ಮೂರು ಸುರುಳಿಯ ಪದಕಕ್ಕೂ ಗಂಟಿನ ಪದಕಕ್ಕೂ ಒಂದೇ ಚೀಟಿ: ‘5000 ವರ್ಷ ಹಳೆಯ ಕೆಲ್ಟಿಕ್ ಸಂಕೇತ’. ಇದನ್ನು ನಂಬಿ ದುಡ್ಡು ಕೊಡಬೇಡಿ. ಐರ್ಲೆಂಡಿನ ನ್ಯೂಗ್ರೇಂಜ್ ಸಮಾಧಿಯ ಕಲ್ಲಿನ ಮೇಲಿರುವ ಮೂರು ಸುರುಳಿ ಕ್ರಿ.ಪೂ. 3200ರ ಸುಮಾರಿನದು, ನಿಜ. ಆದರೆ ಗ್ರೀಕರ ಬರಹದಲ್ಲಿ ಕೆಲ್ಟರ ಹೆಸರು ಬರುವುದಕ್ಕೆ ಅಲ್ಲಿಂದ ಎರಡೂವರೆ ಸಾವಿರಕ್ಕೂ ಹೆಚ್ಚು ವರ್ಷ ಕಳೆಯಬೇಕಾಯಿತು. ಸ್ವಿಟ್ಜರ್‌ಲೆಂಡಿನ ಲಾ ಟೆನ್ ಎಂಬ ಜಾಗದ ಹೆಸರು ಹೊತ್ತ ಕೆಲ್ಟರ ಶೈಲಿ ಕ್ರಿ.ಪೂ. 5ನೇ ಶತಮಾನದ್ದು. ಅದರಲ್ಲಿ ಬಳ್ಳಿಯಂತೆ ಬಾಗುವ ಗೆರೆಗಳಿವೆ, ಈ ಹೆಣೆದ ಗಂಟು ಇಲ್ಲ. ಗಂಟು ಐರ್ಲೆಂಡ್, ಬ್ರಿಟನ್ನುಗಳ ಕಲೆಯಲ್ಲಿ ಬೇರೂರಿದ್ದು ಕ್ರಿ.ಶ. 7ನೇ ಶತಮಾನದ ಹೊತ್ತಿಗೆ, ಅದೂ ಮೆಡಿಟರೇನಿಯನ್ ಮತ್ತು ಜರ್ಮಾನಿಕ್ ಕಲೆಯ ನಂಟಿನಿಂದ. ಹಾಗೆ ಹೆಣೆದವರು ತಮ್ಮನ್ನು ಕೆಲ್ಟರೆಂದು ಕರೆದುಕೊಂಡಿರಲಿಲ್ಲ. ಐರಿಷ್, ವೆಲ್ಷ್, ಬ್ರೆಟನ್ ಭಾಷೆಗಳನ್ನು ವೆಲ್ಷ್ ವಿದ್ವಾಂಸ ಎಡ್ವರ್ಡ್ ಲ್ಹೂಯಿಡ್ 1707ರಲ್ಲಿ ಒಂದೇ ಕುಟುಂಬವೆಂದು ತೋರಿಸಿದ ಮೇಲೆ ಆ ಹೆಸರು ಈ ಜನರಿಗೆ ಅಂಟಿತು. ಅವರ ಕಲೆಗೆ ಅಂಟಿದ್ದು 19ನೇ ಶತಮಾನದಲ್ಲಿ.

ಬ್ರೂಚಿನಲ್ಲಂತೂ ಈ ಕತೆ ಎದ್ದು ಕಾಣುತ್ತದೆ. ಸಂತೆಯಲ್ಲಿ ‘ತಾರಾ ಬ್ರೂಚ್’ ಎಂದು ಮಾರುವುದರ ಮೂಲ 1850ರಲ್ಲಿ ಸಿಕ್ಕಿದ್ದು ಐರ್ಲೆಂಡಿನ ಬೆಟಿಸ್‌ಟೌನ್ ಕಡಲ ತೀರದ ಬಳಿ. ತಾರಾ ಬೆಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಐರಿಷ್ ಅರಸರ ಆ ಬೆಟ್ಟದ ಹೆಸರಿಟ್ಟವನು ಡಬ್ಲಿನ್‌ನ ಆಭರಣ ವ್ಯಾಪಾರಿ ವಾಟರ್‌ಹೌಸ್. ಪ್ರತಿಗಳನ್ನು ಮಾಡಿಸಿ ಮಾರಿದವನೂ ಅವನೇ. ಹಾಗೆಂದು ಇದೆಲ್ಲ ಟೊಳ್ಳು ಎನ್ನುವುದು ತಪ್ಪು. ಬ್ರಿಟಿಷ್ ಆಳ್ವಿಕೆಯಲ್ಲಿದ್ದ ಐರಿಷರು ಆ ಬ್ರೂಚನ್ನು ಧರಿಸಿ, ಸಮಾಧಿಗಳ ಮೇಲೆ ಬಳೆ ತೊಡಿಸಿದಂಥ ಶಿಲುಬೆ ನಿಲ್ಲಿಸಿ, ತಾವು ಯಾರೆಂದು ಹೇಳಿಕೊಂಡರು. ಆ ಗುರುತಿಗೆ 150 ವರ್ಷಕ್ಕೂ ಮೀರಿದ ನಿಜವಾದ ಬಾಳಿಕೆಯಿದೆ. ಚೀಟಿಯಲ್ಲಿ ಬರೆಯಬೇಕಾದ ಹೆಮ್ಮೆ ಅದು.

ಬ್ರೂಚ್ ಬೇಡವೆಂದದ್ದು ಪಿನ್ನಿನ ಕಾರಣಕ್ಕೆ. ಬಾಯಿ ತೆರೆದ ಬಳೆಯ ಬ್ರೂಚಿನಲ್ಲಿ ಪಿನ್ನನ್ನು ಬಟ್ಟೆಗೆ ಚುಚ್ಚಿ, ಬಳೆಯ ಬಾಯಿಯನ್ನು ಅದರ ಮೊನೆಯಿಂದಾಚೆ ದಾಟಿಸಿ, ಬಳೆ ತಿರುಗಿಸಿದರೆ ಪಿನ್ ಸಿಕ್ಕಿಕೊಂಡು ನಿಲ್ಲುತ್ತದೆ. ಅದಕ್ಕೆ ಪಿನ್ ಬಳೆಯ ಅಗಲಕ್ಕಿಂತ ಉದ್ದವಿರಬೇಕು. ಸಂತೆಯವು ಬಾಯಿ ಮುಚ್ಚಿದವು, ಪಿನ್ನೂ ಗಿಡ್ಡ, ಹೆಗಲ ಮೇಲೆ ನಿಲ್ಲುವುದಿಲ್ಲ. ಪಿನ್ ದಪ್ಪವೂ ಇದೆ, ರೇಷ್ಮೆ ಸೀರೆಗೆ ಚುಚ್ಚಿದರೆ ತೂತು ಉಳಿಯುತ್ತದೆ.

ತುದಿಗೆ ಗುಂಡು ಇರುವ ತಿರುಚಿದ ಕಡಗವನ್ನು ಹಿಗ್ಗಿಸಿ ಹಾಕಬೇಡಿ. ಮಣಿಕಟ್ಟಿನ ತೆಳುವಾದ ಪಕ್ಕವನ್ನು ಬಾಯಿಯೊಳಗೆ ತೂರಿಸಿ, ಆಮೇಲೆ ಕಡಗ ತಿರುಗಿಸಿ. ಹಿಗ್ಗಿಸಿ ಕುಗ್ಗಿಸಿ ಮಾಡಿದರೆ ಬೆಳ್ಳಿ ಗಡುಸಾಗಿ ಹಿಂಬದಿಯ ನಡುವೆ ಬಿರುಕು ಬಿಡುತ್ತದೆ.

ನೂರಕ್ಕೆ 92.5 ಪಾಲು ಬೆಳ್ಳಿ ಎಂದು ಹೇಳುವ 925 ಮುದ್ರೆಯೊಂದನ್ನೇ ನೆಚ್ಚಬೇಡಿ, ಬಿಐಎಸ್ ಹಾಲ್‌ಮಾರ್ಕ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿಯಲ್ಲಿ ನೀರಿನ ಲೋಟವಿಟ್ಟು ಸೊನ್ನೆ ಮಾಡಿ, ಒಡವೆಯನ್ನು ದಾರಕ್ಕೆ ಕಟ್ಟಿ ತಳ ಮುಟ್ಟದಂತೆ ಮುಳುಗಿಸಿ. 20 ಗ್ರಾಂ ಒಡವೆಗೆ 1.9 ಗ್ರಾಂ ಸುಮಾರು ತೋರಿಸಿದರೆ 925 ಬೆಳ್ಳಿಯ ಲೆಕ್ಕಕ್ಕೆ ಸರಿ, 2.3ರ ಸುಮಾರಿದ್ದರೆ ಹಿತ್ತಾಳೆಯೋ, ಬೆಳ್ಳಿಯೇ ಇಲ್ಲದ ಜರ್ಮನ್ ಸಿಲ್ವರೋ ಇರಬೇಕು. ಕಲ್ಲು ಕೂರಿಸಿದ, ಟೊಳ್ಳಾದ ಒಡವೆಗೆ ಈ ಲೆಕ್ಕ ಕೂಡದು.

ಸಂತೆಯ ಲಂಬಾಣಿ ಹೆಂಗಸರಲ್ಲಿ ಕರ್ನಾಟಕದಿಂದ ಬಂದವರು ಬಹಳ. ‘ಅಕ್ಕಾ, ಇದು ಬೆಳ್ಳೀನೋ ವೈಟ್ ಮೆಟಲ್ಲೋ?’ ಎಂದು ಕನ್ನಡದಲ್ಲೇ ಕೇಳಿ. ಬೆಳ್ಳಿ ಎಂದರೆ ತೂಕ ಹಾಕಿಸಿ, ಬೆಳ್ಳಿಯ ದರ ಬೇರೆ ಮಜೂರಿ ಬೇರೆ ಹೇಳಿಸಿ, ಬಿಲ್ಲಿನಲ್ಲಿ ಗ್ರಾಂ ಬರೆಸಿಕೊಳ್ಳಿ.